ಗ್ಯಾಸ್ ಉಳಿಸಲು ಹೋಗಿ ಬಂದ ಕರೆಂಟ್ ಬಿಲ್ಲು



2025ರ ಜೂನ್ ಮೊದಲ ವಾರ ರಾಯಚೂರಿನ ನಮ್ಮ ಮನೆಗೆ ಬಂದ ಒಂದು ಕರೆಂಟ್ ಬಿಲ್ಲಿನಿಂದ ಈ ಮಾತನ್ನು ಆರಂಭಿಸುತ್ತೇನೆ. ಚಳಿಗಾಲದುದ್ದಕ್ಕೂ ಗೃಹಜ್ಯೋತಿ ಯೋಜನೆಯಲ್ಲಿ ಸೊನ್ನೆ ಎಂದೇ ಬರುತ್ತಿದ್ದ ಬಿಲ್ಲು ಅದು. ಹಿಂದಿನ ವರ್ಷದ ಬೇಸಿಗೆಯಲ್ಲಿ ಕೂಲರ್ ಹಾಕಿದ ತಿಂಗಳು ಇನ್ನೂರು ರೂಪಾಯಿಯ ಆಸುಪಾಸು ಬಂದಿತ್ತು. ಈ ಸಲ ಮಾತ್ರ ಒಮ್ಮೆಗೇ 1,700 ದಾಟಿತ್ತು. ನಮ್ಮ ಮನೆಯವರು ಆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ನಮ್ಮ ಮನೀದೇನಾ, ಬಾಜೂ ಮನೀದಾ?" ಎಂದರು. ಆರ್‌ಆರ್ ನಂಬರ್ ನೋಡಿದೆ. ನಮ್ಮದೇ.

ಇದಕ್ಕೆ ಎರಡು ತಿಂಗಳ ಹಿಂದಿನ ಸಂಗತಿಯೊಂದನ್ನು ಹೇಳಬೇಕು. 2025ರ ಏಪ್ರಿಲ್ 8ರಂದು ಅಡುಗೆ ಗ್ಯಾಸಿನ ಬೆಲೆ ಸಿಲಿಂಡರಿಗೆ 50 ರೂಪಾಯಿ ಏರಿತು. ಸಬ್ಸಿಡಿ ಇಲ್ಲದ ನಮ್ಮಂಥ ಮನೆಗಳಿಗೆ 14.2 ಕಿಲೋ ಸಿಲಿಂಡರ್ ಒಂದಕ್ಕೆ ಎಂಟುನೂರೈವತ್ತರ ಮೇಲಾಯಿತು. ಗ್ಯಾಸ್ ತುಟ್ಟಿ, ಕರೆಂಟ್ ಪುಕ್ಕಟೆ ಎಂಬ ಲೆಕ್ಕ ಹಾಕಿ ನಾವು ಇಂಡಕ್ಷನ್ ಒಲೆಯೊಂದನ್ನು ತಂದೆವು. ಚಹಾ, ಅನ್ನ, ಬೇಳೆ, ಸ್ನಾನದ ನೀರು ಎಲ್ಲವೂ ಅದರ ಮೇಲೆ. ಜೋಳದ ರೊಟ್ಟಿ ಮಾತ್ರ ಗ್ಯಾಸಿನ ಮೇಲೆಯೇ ಆಗಬೇಕು, ಉರಿಗೆ ಹಿಡಿಯದೆ ರೊಟ್ಟಿ ಉಬ್ಬುವುದಿಲ್ಲ ಎಂದು ನಮ್ಮ ಅತ್ತೆ ಹಟ ಹಿಡಿದರು. ಮೇ ತಿಂಗಳಲ್ಲಿ ಸಿಲಿಂಡರ್ ಬುಕ್ ಮಾಡಲೇ ಇಲ್ಲ. ನಾನಂತೂ ನೆರೆಮನೆಯವರಿಗೆಲ್ಲ ಈ ಜಾಣತನವನ್ನು ಹೇಳಿಕೊಂಡು ಬಂದಿದ್ದೆ!

ಬಿಲ್ಲು ಬಂದ ಸಂಜೆ ಕಾಗದ, ಪೆನ್ನು ಹಿಡಿದು ಕುಳಿತೆ. ನಮ್ಮ ಮನೆಯ ಖರ್ಚು 218 ಯೂನಿಟ್ ಆಗಿತ್ತು. ಗೃಹಜ್ಯೋತಿಯ ನಿಯಮವನ್ನು ನಾವು ಅರ್ಧ ಮಾತ್ರ ಕೇಳಿಸಿಕೊಂಡಿದ್ದೆವು. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಆ ಯೋಜನೆಗೆ ಚಾಲನೆ ದೊರೆತಾಗ ಎಲ್ಲರ ಬಾಯಲ್ಲೂ "ಇನ್ನೂರು ಯೂನಿಟ್ ಪುಕ್ಕಟೆ" ಎಂಬ ಮಾತಿತ್ತು. ಎಲ್ಲರಿಗೂ ಇನ್ನೂರು ಯೂನಿಟ್ ಪುಕ್ಕಟೆ ಇಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇಕಡಾ 10 ಸೇರಿಸಿ ನಿಮ್ಮ ಅರ್ಹತೆಯನ್ನು ಗೊತ್ತು ಮಾಡುತ್ತಾರೆ. ತೀರ ಕಡಿಮೆ ಬಳಸುವವರಿಗೆ ಶೇಕಡಾ 10ರ ಬದಲು 10 ಯೂನಿಟ್ ಕೊಡುವ ತೀರ್ಮಾನ 2024ರ ಜನವರಿಯಲ್ಲಿ ಆಯಿತು. ನಮ್ಮ ಸರಾಸರಿ 118, ಅರ್ಹತೆ ಸುಮಾರು 130. ಅಲ್ಲಿಯವರೆಗೆ ಸೊನ್ನೆ. 130 ದಾಟಿ 200ರೊಳಗೆ ಇದ್ದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ಹಣ. 200ರ ಗೆರೆ ದಾಟಿದಿರೋ, ಪುಕ್ಕಟೆಯ ಮಾತೇ ಇಲ್ಲ. ಮೊದಲ ಯೂನಿಟ್ಟಿನಿಂದ ಕಡೆಯದರವರೆಗೆ ಪೂರ್ತಿ ಬಿಲ್ಲು.

ಹಣದಲ್ಲಿ ನೋಡೋಣ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರದಲ್ಲಿ ಮನೆ ಬಳಕೆಯ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ಶೇಕಡಾ 9 ತೆರಿಗೆ. ನೌಕರರ ಪಿಂಚಣಿ ಬಾಬಿಗೆಂದು 36 ಪೈಸೆ. ಒಟ್ಟಿಗೆ ಯೂನಿಟ್ಟಿಗೆ ಸುಮಾರು 6 ರೂಪಾಯಿ 70 ಪೈಸೆ ಎಂದಿಟ್ಟುಕೊಳ್ಳಿ. ಇದಲ್ಲದೆ ಮಂಜೂರಾದ ಲೋಡಿನ ಮೇಲೆ ಕಿಲೋವ್ಯಾಟಿಗೆ 145 ರೂಪಾಯಿ ನಿಗದಿತ ಶುಲ್ಕ. ನಾವು 200ಕ್ಕೆ ನಿಲ್ಲಿಸಿದ್ದರೆ 70 ಯೂನಿಟ್ಟಿಗೆ ಸುಮಾರು 470 ರೂಪಾಯಿ ಕಟ್ಟುತ್ತಿದ್ದೆವು. ಮೇಲಿನ 18 ಯೂನಿಟ್ಟಿನಿಂದಾಗಿ 218 ಯೂನಿಟ್ಟಿಗೂ ಕಟ್ಟಬೇಕಾಯಿತು, ಜೊತೆಗೆ ಎರಡು ಕಿಲೋವ್ಯಾಟಿನ ನಿಗದಿತ ಶುಲ್ಕ 290 ರೂಪಾಯಿ. ಆ ಹದಿನೆಂಟು ಯೂನಿಟ್ಟಿಗೆ ನಾವು ತೆತ್ತದ್ದು ಸಾವಿರದ ಇನ್ನೂರಕ್ಕೂ ಮೇಲೆ.

ಇನ್ನು ಒಲೆಯ ಲೆಕ್ಕ. ಒಂದು ಕಿಲೋ ಅಡುಗೆ ಗ್ಯಾಸ್ ಉರಿದರೆ ಹೆಚ್ಚು ಕಡಿಮೆ ಹನ್ನೆರಡೂವರೆ ಯೂನಿಟ್ ಕರೆಂಟಿನಷ್ಟು ಶಾಖ ಬರುತ್ತದೆ. ತುಂಬಿದ ಸಿಲಿಂಡರಿನಲ್ಲಿ 180 ಯೂನಿಟ್ಟಿನಷ್ಟು ಇದೆ ಎನ್ನಿ. ಅದರಲ್ಲಿ ಮೂರನೆಯ ಒಂದು ಪಾಲು ಪಾತ್ರೆಗೆ ತಾಗದೆ ಆಚೀಚೆ ಹೋಗುತ್ತದೆ. ಇಂಡಕ್ಷನ್ ಒಲೆಯಲ್ಲಿ ವ್ಯರ್ಥವಾಗುವುದು ಕಡಿಮೆ. ಆದ್ದರಿಂದ ಒಂದು ಸಿಲಿಂಡರಿನ ಅಡುಗೆಗೆ ಸುಮಾರು 130ರಿಂದ 140 ಯೂನಿಟ್ ಬೇಕು. ಹಣ ಕೊಟ್ಟು ಕೊಳ್ಳುವ ಕರೆಂಟಾದರೆ ಅದರ ಬೆಲೆ ಸಿಲಿಂಡರಿನಷ್ಟೇ, ಇಲ್ಲವೇ ಒಂದಿಷ್ಟು ಹೆಚ್ಚೇ. ಉಳಿತಾಯ ಎಲ್ಲಿ ಬಂತು? ಅರ್ಹತೆಯೊಳಗೆ ಯೂನಿಟ್ ಮಿಕ್ಕಿದ್ದರೆ ಮಾತ್ರ ಆ ಒಲೆ ಲಾಭದ್ದು. ಚಳಿಗಾಲದಲ್ಲಿ ನಮ್ಮಲ್ಲಿ ಒಂದಿಷ್ಟು ಮಿಗುತ್ತದೆ. ನಲವತ್ತು ಡಿಗ್ರಿ ದಾಟುವ ರಾಯಚೂರಿನ ಮೇ ತಿಂಗಳಲ್ಲಿ ಹಗಲು ರಾತ್ರಿ ಕೂಲರ್ ತಿರುಗುವಾಗ ಏನು ಮಿಕ್ಕೀತು? ನಮ್ಮ ಅತ್ತೆ ಇಷ್ಟನ್ನೂ ಕೇಳಿ ಒಂದೇ ಮಾತಿನಲ್ಲಿ ಮುಗಿಸಿದರು: "ಗ್ಯಾಸಿನವರಿಗೆ ಕೊಡೋ ರೊಕ್ಕ ಕರೆಂಟಿನವರಿಗೆ ಕೊಟ್ಟೀವಿ, ಅಷ್ಟ ನೋಡವ್ವ."

ನಮ್ಮ ಮನೆಯ ಬಿಲ್ಲಿನಲ್ಲಿ ಮೀಟರಿನ ತಪ್ಪಿರಲಿಲ್ಲ. ಎಲ್ಲ ಮನೆಗಳಲ್ಲೂ ಹೀಗೆಯೇ ಎಂದು ನಾನು ಹೇಳುವುದಿಲ್ಲ. ಮಾನ್ವಿಯಲ್ಲಿ ನನ್ನ ಅಕ್ಕನ ಮನೆಯಿದೆ. ಕೆಳಗೆ ಅವರು, ಮೇಲೆ ಬಾಡಿಗೆಯವರು, ಇಬ್ಬರಿಗೂ ಸೇರಿ ಒಂದೇ ಮೀಟರ್. ಒಬ್ಬೊಬ್ಬರದು ನೂರಿಪ್ಪತ್ತು ಯೂನಿಟ್ ಆದರೂ ಸೇರಿದಾಗ ಇನ್ನೂರು ದಾಟುತ್ತದೆ, ಇಬ್ಬರಿಗೂ ಪುಕ್ಕಟೆ ತಪ್ಪುತ್ತದೆ. ಮೇಲಾಗಿ ತಿಂಗಳಿಗೊಮ್ಮೆ ಯಾರ ಕೂಲರ್ ಹೆಚ್ಚು ತಿರುಗಿತು ಎಂಬ ಜಗಳ. ಬಾಡಿಗೆದಾರರಿಗೂ ಗೃಹಜ್ಯೋತಿ ಅನ್ವಯಿಸುತ್ತದೆ, ಆದರೆ ಅವರ ಮನೆಗೆ ಬೇರೆ ಮೀಟರ್ ಇರಬೇಕು. ಒಳಗೆ ಹಾಕಿಕೊಂಡ ಖಾಸಗಿ ಸಬ್ ಮೀಟರ್ ಲೆಕ್ಕಕ್ಕೆ ಬಾರದು. ಅಕ್ಕನ ಮನೆಯವರು ಖರ್ಚಿಗೆ ಹಿಂಜರಿದು ವರ್ಷಗಟ್ಟಲೆ ಸುಮ್ಮನಿದ್ದರು. ಈಗ ಎರಡನೆಯ ಮೀಟರಿಗೆ ಅರ್ಜಿ ಹಾಕಿದ್ದಾರೆ.

ದೇವದುರ್ಗದಲ್ಲಿ ಮೇಷ್ಟ್ರಾಗಿರುವ ನನ್ನ ತಮ್ಮನ ಮನೆಯ ಕಥೆ ಬೇರೆ. ಅಲ್ಲಿ ಕೂಲರೂ ಹೆಚ್ಚಿಲ್ಲ, ಇಂಡಕ್ಷನ್ನೂ ಇಲ್ಲ, ಬಿಲ್ಲು ಮಾತ್ರ ತಿಂಗಳಿಂದ ತಿಂಗಳಿಗೆ ಏರುತ್ತಿತ್ತು. ಫೋನಿನಲ್ಲಿ ನಾನು ಅವನಿಗೆ ಒಂದು ಪರೀಕ್ಷೆ ಹೇಳಿದೆ. ನೀವೂ ಮಾಡಿ ನೋಡಬಹುದು. ರಾತ್ರಿ ಫ್ರಿಜ್ ಸೇರಿದಂತೆ ಮನೆಯ ಎಲ್ಲ ಉಪಕರಣಗಳ ಸ್ವಿಚ್ ಆರಿಸಿ, ಮೇನ್ ಮಾತ್ರ ಹಾಗೆಯೇ ಇರಲಿ. ಈಗಿನ ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತದೆ. ಖರ್ಚು ಹೆಚ್ಚಾದಷ್ಟೂ ಮಿನುಗು ಬಿರುಸು. ಎಲ್ಲ ಆರಿಸಿದ ಮೇಲೂ ಅದು ಮಿನುಗುತ್ತಲೇ ಇದ್ದರೆ ಎಲ್ಲಿಯೋ ಕರೆಂಟ್ ಸೋರುತ್ತಿದೆ, ಇಲ್ಲವೇ ನಿಮಗೆ ತಿಳಿಯದ ಏನೋ ಒಂದು ನಡೆಯುತ್ತಿದೆ. ಆಮೇಲೆ ಮೇನ್ ಆರಿಸಿ. ಆಗಲೂ ಮಿನುಗಿದರೆ ಮೀಟರಿನಲ್ಲೋ, ಮೀಟರಿನಿಂದ ಮೇನ್‌ವರೆಗಿನ ವೈರಿನಲ್ಲೋ ದೋಷವಿದೆ, ಅದನ್ನು ಕಚೇರಿಯವರೇ ನೋಡಬೇಕು. ತಮ್ಮನ ಮನೆಯಲ್ಲಿ ಮೊದಲ ಪರೀಕ್ಷೆಯಲ್ಲೇ ದೀಪ ಮಿನುಗುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಹುಡುಕಿದಾಗ ನೀರಿನ ಮೋಟರಿಗೆ ಎಳೆದ ವೈರು ಹಿತ್ತಲಿನ ಕಬ್ಬಿಣದ ಪೈಪಿಗೆ ಉಜ್ಜಿ ಉಜ್ಜಿ ಸಿಪ್ಪೆ ಬಿಟ್ಟಿತ್ತು. ಆ ಪೈಪಿನ ಪಕ್ಕದಲ್ಲೇ ಮಕ್ಕಳು ಕಾಲು ತೊಳೆಯುತ್ತಿದ್ದರು. ಬಿಲ್ಲಿನ ದುಡ್ಡಿನ ಮಾತು ಅಲ್ಲಿಗೆ ಎಲ್ಲರಿಗೂ ಮರೆತೇ ಹೋಯಿತು. ಮರುದಿನವೇ ವೈರು ಬದಲಿಸಿ, ಸೋರಿಕೆಯಾದ ಕ್ಷಣ ತಾನಾಗಿ ಆರುವ ಆರ್‌ಸಿಸಿಬಿ ಸ್ವಿಚ್ಚನ್ನೂ ಹಾಕಿಸಿದರು.

ಇನ್ನು ನಿಜಕ್ಕೂ ತಪ್ಪು ಬಿಲ್ಲಿನ ಸಂಗತಿ. 2023ರ ಜೂನ್ ತಿಂಗಳಲ್ಲಿ ಕೊಪ್ಪಳದ ಬಳಿಯ ಭಾಗ್ಯನಗರದಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. 1997ರ ತನಕ ಕೊಪ್ಪಳ ನಮ್ಮ ರಾಯಚೂರು ಜಿಲ್ಲೆಯೊಳಗೇ ಇತ್ತು. ಇಂದಿಗೂ ಎರಡಕ್ಕೂ ಕರೆಂಟ್ ಕೊಡುವುದು ಕಲಬುರಗಿಯ ಜೆಸ್ಕಾಂ. ಹಳಬರು ಅದನ್ನು ಈಗಲೂ ಕೆಇಬಿ ಎಂದೇ ಕರೆಯುತ್ತಾರೆ, ಇರಲಿ. ಅಲ್ಲಿ ತಗಡಿನ ಶೆಡ್ಡಿನಲ್ಲಿದ್ದ ತೊಂಬತ್ತರ ವಯಸ್ಸಿನ ಅಜ್ಜಿಗೆ, ಭಾಗ್ಯಜ್ಯೋತಿ ಸಂಪರ್ಕದ ಎರಡು ಬಲ್ಬಿಗೆ, 1 ಲಕ್ಷ 3 ಸಾವಿರ ರೂಪಾಯಿಯ ಬಿಲ್ಲು ಬಂತು. ಅದಕ್ಕೆ ಮುಂಚೆ ಬರುತ್ತಿದ್ದದ್ದು ಎಪ್ಪತ್ತು ಎಂಬತ್ತು ರೂಪಾಯಿ. ಸುದ್ದಿ ನಾಡೆಲ್ಲ ಹರಡಿದ ಮೇಲೆ ಜೆಸ್ಕಾಂ ಎಂಜಿನಿಯರ್ ಮನೆಗೇ ಬಂದು ಪರಿಶೀಲಿಸಿ, ಮೀಟರಿನ ದೋಷ ಮತ್ತು ಸಿಬ್ಬಂದಿಯ ತಪ್ಪಿನಿಂದ ಹೀಗಾಗಿದೆ, ಹಣ ಕಟ್ಟಬೇಕಾಗಿಲ್ಲ ಎಂದು ತಿಳಿಸಿದರು. ಆ ಅಜ್ಜಿಯ ಬಳಿಗೆ ಟಿವಿಯವರು ಹೋಗಿದ್ದರು, ನ್ಯಾಯ ಬೇಗ ಸಿಕ್ಕಿತು. ಎರಡು ಸಾವಿರದ ತಪ್ಪು ಬಿಲ್ಲಿಗೆ ಯಾರೂ ಕ್ಯಾಮೆರಾ ತರುವುದಿಲ್ಲ.

ಅಂಥವರು ಏನು ಮಾಡಬೇಕು? ಮೊದಲು ಬಿಲ್ಲಿನಲ್ಲಿರುವ ಈಗಿನ ರೀಡಿಂಗನ್ನು ಮೀಟರಿನ ಅಂಕಿಯೊಂದಿಗೆ ಹೋಲಿಸಿ. ಬಿಲ್ಲಿನ ಅಂಕಿ ಮೀಟರಿಗಿಂತ ಮುಂದಿದ್ದರೆ ತಪ್ಪು ಅಲ್ಲಿಯೇ ಸಿಕ್ಕಿತು. ಮೊಬೈಲಿನಲ್ಲಿ ಮೀಟರಿನ ಫೋಟೋ ತೆಗೆದುಕೊಳ್ಳಿ. ಎಷ್ಟು ದಿನದ ಬಿಲ್ಲು ಎಂದು ಎಣಿಸಿ. ಹಿಂದಿನ ತಿಂಗಳು ಬಾಗಿಲಿಗೆ ಬೀಗವಿತ್ತೆಂದು ಸರಾಸರಿ ಹಾಕಿದ್ದರೆ ಅದರ ಬಾಕಿ ಈ ತಿಂಗಳು ಬಂದಿರಬಹುದು. ಹೆಚ್ಚುವರಿ ಭದ್ರತಾ ಠೇವಣಿ ಎಂಬ ಸಾಲು ಇದೆಯೇ ನೋಡಿ. ಎರಡು ತಿಂಗಳ ಬಿಲ್ಲಿನಷ್ಟು ಠೇವಣಿ ಇರಬೇಕೆಂಬ ನಿಯಮದಂತೆ ವರ್ಷಕ್ಕೊಮ್ಮೆ ಅದನ್ನು ಕೇಳುತ್ತಾರೆ. ಅದು ನಿಮ್ಮದೇ ಹಣ, ಅದಕ್ಕೆ ಬಡ್ಡಿಯೂ ಜಮೆಯಾಗುತ್ತದೆ. ದರವೇ ಏರಿರುವುದೂ ಉಂಟು. 2023ರ ಮೇ 12ರಂದು ಆಯೋಗ ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿಸಿ ಏಪ್ರಿಲ್‌ನಿಂದಲೇ ಅನ್ವಯವೆಂದಾಗ, ಹಿಂದಿನ ಬಾಕಿಯೂ ಸೇರಿ ಜೂನ್ ತಿಂಗಳ ಬಿಲ್ಲು ಎಲ್ಲರ ಮನೆಯಲ್ಲೂ ಗದ್ದಲ ಎಬ್ಬಿಸಿತ್ತು.

ಇವು ಯಾವುವೂ ಅಲ್ಲವೆಂದಾದರೆ 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಆದರೆ ಫೋನಿಗೇ ನಿಲ್ಲಬೇಡಿ. ಸೆಕ್ಷನ್ ಆಫೀಸಿಗೆ ಬರೆದ ಅರ್ಜಿ ಕೊಡಿ, ಆರ್‌ಆರ್ ನಂಬರ್, ಫೋಟೋ, ಹಿಂದಿನ ಆರು ಬಿಲ್ಲುಗಳ ಪ್ರತಿ ಲಗತ್ತಿಸಿ. ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸದೆ ಮೆಟ್ಟಿಲು ಇಳಿಯಬೇಡಿ. ಮೀಟರ್ ಪರೀಕ್ಷೆ ಮಾಡಿಸಿರೆಂದೂ ಅದೇ ಅರ್ಜಿಯಲ್ಲಿ ಕೇಳಬಹುದು. ಅಲ್ಲಿ ಕೆಲಸವಾಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ.

ಜನ ಹೆದರುವುದು ಇದಕ್ಕಲ್ಲ, ಲೈನ್‌ಮನ್ ಬಂದು ಫ್ಯೂಸ್ ಕಿತ್ತರೆ ಎಂಬುದಕ್ಕೆ. ಆ ಹೆದರಿಕೆಗೇ ಎಷ್ಟೋ ಮನೆಗಳಲ್ಲಿ ಸಾಲ ಮಾಡಿ ತಪ್ಪು ಬಿಲ್ಲು ಕಟ್ಟುತ್ತಾರೆ. 2003ರ ವಿದ್ಯುಚ್ಛಕ್ತಿ ಕಾಯಿದೆಯ 56ನೆಯ ಕಲಮು ಇಲ್ಲಿ ನಿಮ್ಮ ಪರವಾಗಿದೆ. ಬಾಕಿಗಾಗಿ ಕರೆಂಟ್ ತೆಗೆಯುವ ಮುನ್ನ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಬಿಲ್ಲಿನ ಬಗ್ಗೆ ತಕರಾರು ಇದ್ದರೆ, ಆಕ್ಷೇಪಣೆಯೊಂದಿಗೆ ಕಟ್ಟುತ್ತಿದ್ದೇನೆ ಎಂದು ಬರೆದುಕೊಟ್ಟು, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಿದರೆ ಸಾಕು. ತಕರಾರು ತೀರುವವರೆಗೆ ಸಂಪರ್ಕ ತೆಗೆಯುವಂತಿಲ್ಲ. ಎರಡು ವರ್ಷಕ್ಕಿಂತ ಹಳೆಯ ಬಾಕಿಯನ್ನು, ಬಿಲ್ಲಿನಲ್ಲಿ ಸತತವಾಗಿ ತೋರಿಸುತ್ತ ಬಂದಿರದಿದ್ದರೆ, ಒಮ್ಮೆಲೇ ತಂದು ವಸೂಲು ಮಾಡುವಂತೆಯೂ ಇಲ್ಲ. ಇದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕೌಂಟರಿನ ಮುಂದೆ ನಿಂತಾಗ ಕಲಮಿನ ಸಂಖ್ಯೆ ಹೇಳಿದರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಹದಿನೈದು ಮೈಲಿಯೊಳಗೆ ಶಕ್ತಿನಗರದ ಚಿಮಣಿಗಳಿವೆ. 1985ರಿಂದ ಅಲ್ಲಿ ಕರೆಂಟ್ ಹುಟ್ಟುತ್ತಿದೆ, ಎಂಟು ಘಟಕಗಳು ಸೇರಿ 1,720 ಮೆಗಾವ್ಯಾಟ್ ಸಾಮರ್ಥ್ಯ. ಆದರೆ ನಮ್ಮ ಊರಿನಲ್ಲಿ ತಮ್ಮ ಮನೆಯ ಮೀಟರ್ ಎಲ್ಲಿದೆ ಎಂದು ಕೇಳಿದರೆ ಮೆಟ್ಟಿಲ ಕೆಳಗೋ, ಚಪ್ಪಲಿ ಗೂಡಿನ ಹಿಂದೋ ಎಂದು ಹುಡುಕುವವರೇ ಹೆಚ್ಚು. ನಾನೂ ಅವರಲ್ಲೊಬ್ಬಳಾಗಿದ್ದೆ. ಆ ಜೂನ್ ತಿಂಗಳಿಂದ ಪ್ರತಿ ಭಾನುವಾರ ಮುಂಜಾನೆ ಮೀಟರಿನ ಅಂಕಿಯನ್ನು ಅಡುಗೆ ಮನೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯುತ್ತೇವೆ, ಪಕ್ಕದಲ್ಲೇ ಗ್ಯಾಸ್ ಹಚ್ಚಿದ ತಾರೀಖು. ತಿಂಗಳ ನಡುವೆ ನೂರರ ಹತ್ತಿರ ಬಂದರೆ ಇಂಡಕ್ಷನ್ ಒಲೆ ಅಟ್ಟ ಏರುತ್ತದೆ. ದೀಪಾವಳಿ ಕಳೆದು ಕೂಲರ್ ನಿಂತ ಮೇಲೆ ಕೆಳಗಿಳಿಸುತ್ತೇವೆ.