ಉಚಿತ ಸಲಕರಣೆಗಳಲ್ಲಿ ಯಾವುದು ಉಚಿತ?

‘ಉಚಿತ’ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳುಂಟು. ಯೋಗ್ಯವಾದುದು ಎಂಬುದು ಹಳೆಯ ಅರ್ಥ; ಬೆಲೆಯಿಲ್ಲದೆ ಸಿಕ್ಕುವುದು ಎಂಬುದು ಈಚಿನದು. ಅಂಗಡಿಯ ಲೆಕ್ಕವನ್ನು ಗಣಕಯಂತ್ರಕ್ಕೆ ಒಪ್ಪಿಸಿದವರು ಇವೆರಡನ್ನೂ ಒಂದೇ ಎಂದು ತಿಳಿದರೆ ಏನಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಸಂಗತಿಯಿಂದಲೇ ಆರಂಭಿಸುತ್ತೇನೆ.

ನನ್ನ ಸ್ನೇಹಿತರೊಬ್ಬರದು ಹಾಲು ಮೊಸರಿನ ವ್ಯಾಪಾರ. ಬೆಳಗಿನ ಜಾವ ನಾಲ್ಕು ಗಂಟೆಗೆ ಹಾಲಿನ ಗಾಡಿ ಬರುತ್ತದೆ. ಹೊತ್ತು ಮೂಡುವ ವೇಳೆಗೆ ಅರ್ಧ ಮಾಲು ಖರ್ಚಾಗಿರುತ್ತದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಹುಡುಗ ಬಿಲ್ಲು ಹಾಕಿದೊಡನೆ ಅದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ದಾಖಲಾಗುತ್ತದೆ. ಅದರ ಮೇಲೆ ನಾನೇ ಒಂದು ಉಚಿತ ಸಲಕರಣೆಯನ್ನು ಕೂಡಿಸಿಕೊಟ್ಟೆ. ದಿನದಿನದ ವ್ಯಾಪಾರ ಬಣ್ಣದ ಕಂಬಗಳಾಗಿ ಪರದೆಯ ಮೇಲೆ ನಿಂತಿತು. ಪೆಟ್ಟಿಗೆಯ ಹಣಕ್ಕೂ ಕಂಬಕ್ಕೂ ಆಗಾಗ ಬರುತ್ತಿದ್ದ ಸಣ್ಣಪುಟ್ಟ ವ್ಯತ್ಯಾಸವನ್ನು ಚಿಲ್ಲರೆಯ ತಲೆಗೆ ಕಟ್ಟಿ ಸುಮ್ಮನಿದ್ದೆವು.

ಯುಗಾದಿ ಬಂತು. ಹಬ್ಬದ ಹಿಂದಿನ ದಿನದ ಹಣ ಕಂಬಕ್ಕಿಂತ ಬಹಳ ಕಡಿಮೆಯಾಗಿತ್ತು. ಹುಡುಗನ ಮೇಲೆ ಅನುಮಾನ ಹುಟ್ಟಿತು. ಅವನು ಕಣ್ಣೊರೆಸಿಕೊಳ್ಳುತ್ತ, “ಯಜಮಾನ್ರೆ, ಬಿಲ್ಲಿನ ಕಟ್ಟು ಬಿಚ್ಚಿ ಎಣಿಸಿ ನೋಡಿ” ಎಂದ. ಎಣಿಸಿದೆವು. ಪೆಟ್ಟಿಗೆ ಸರಿಯಾಗಿಯೇ ಇತ್ತು; ತಪ್ಪಿದ್ದುದು ಕಂಬದಲ್ಲಿ.

ಕಾರಣ ಇಷ್ಟೆ. ಆ ಸಲಕರಣೆ ದಿನವನ್ನು ಜಾಗತಿಕ ಕಾಲಮಾನದಂತೆ ಎಣಿಸುತ್ತಿತ್ತು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆದ್ದರಿಂದ ನಮ್ಮ ಬೆಳಗಿನ ಐದೂವರೆಗೆ ಮುಂಚೆ ಹಾಕಿದ ಬಿಲ್ಲೆಲ್ಲ ಹಿಂದಿನ ತಾರೀಖಿಗೆ ಸೇರುತ್ತಿತ್ತು. ಒಂದು ಬೆಳಗಿನ ವ್ಯಾಪಾರ ಇನ್ನೊಂದರಷ್ಟೇ ಇರುವತನಕ ತಪ್ಪು ಅಡಗಿತ್ತು. ಹಬ್ಬದ ಬೆಳಗಿನ ಭಾರಿ ವ್ಯಾಪಾರ ಹಿಂದಿನ ದಿನದ ಮೇಲೆ ಹತ್ತಿ ಕುಳಿತಾಗ ಹೊರಬಿತ್ತು. ದೋಷ ಸಲಕರಣೆಯದಲ್ಲ. ಕಾಲವಲಯವನ್ನು ‘ಏಷ್ಯಾ/ಕೋಲ್ಕತಾ’ ಎಂದು ನಮೂದಿಸದೆ ಬಿಟ್ಟವನು ನಾನು. ಆ ಹುಡುಗನ ಕೆಲಸ ಹೋಗಿದ್ದರೆ ಅದಕ್ಕೆ ಹೊಣೆ ಯಾರು?

ಇಂಥ ಸಲಕರಣೆಗಳಿಗೆ ‘ಬಿಸಿನೆಸ್ ಇಂಟೆಲಿಜೆನ್ಸ್’ ಎಂಬ ದೊಡ್ಡ ಹೆಸರುಂಟು. ಐಬಿಎಂ ಸಂಸ್ಥೆಯಲ್ಲಿದ್ದ ಹಾನ್ಸ್ ಪೀಟರ್ ಲೂನ್ ಎಂಬವರು 1958ರಲ್ಲಿ ಬರೆದ ಲೇಖನವೊಂದಕ್ಕೆ ಆ ಹೆಸರನ್ನೇ ಇಟ್ಟಿದ್ದರು. ಹೆಸರು ದೊಡ್ಡದಾದರೂ ಕೆಲಸ ನಮಗೆ ಹೊಸದಲ್ಲ. ಕಿರ್ದಿಯಲ್ಲಿ ದಿನದಿನ ಬರೆದದ್ದನ್ನು ಖಾತೆವಾರು ಬಿಡಿಸಿ, ಯಾವ ಮಾಲಿನಲ್ಲಿ ಲಾಭ, ಯಾರಲ್ಲಿ ಬಾಕಿ ಎಂದು ಗುಮಾಸ್ತರು ಹೇಳುತ್ತಿರಲಿಲ್ಲವೆ? ಅದೇ ಇದು. ಡೇಟಾಬೇಸು ಕಣಜ, ಈ ಸಲಕರಣೆ ಕಣಜಕ್ಕಿಟ್ಟ ಕಿಟಕಿ.

ಪೋಸ್ಟ್‌ಗ್ರೆಸ್ ಎಂಬ ಈ ಕಣಜದ ಕೆಲಸ 1986ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಅವರ ಮುಂದಾಳುತನದಲ್ಲಿ ಮೊದಲಾಯಿತು. 1996ರಲ್ಲಿ ಅದಕ್ಕೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಪೂರ್ಣ ಹೆಸರು ಬಂದಿತು. ಅದರ ಮೂಲ ಬರೆಹ ಎಲ್ಲರಿಗೂ ತೆರೆದಿದೆ. ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಕಣಜವೇ ಹೀಗಿರುವಾಗ ಕಿಟಕಿಗೇಕೆ ಹಣ ಕೊಡಬೇಕು ಎಂದು ಕೇಳುವುದು ನ್ಯಾಯವೇ.

ಆದರೆ ಬೆಲೆಯಿಲ್ಲದ್ದೆಲ್ಲ ಒಂದೇ ಜಾತಿಯದಲ್ಲ. ಮೂಲ ಬರೆಹ ಸಹಿತ ಪೂರ್ಣವಾಗಿ ತೆರೆದಿರುವುದು ಮೊದಲನೆಯ ಜಾತಿ. ಮುಖ್ಯ ಭಾಗವನ್ನು ತೆರೆದಿಟ್ಟು, ಕೆಲವು ಸೌಕರ್ಯಗಳಿಗೆ ಹಣ ಕೇಳುವುದು ಎರಡನೆಯದು. ಮೂಲ ಬರೆಹವನ್ನು ಮುಚ್ಚಿಟ್ಟು, ಬಳಕೆಗೆ ಮಾತ್ರ ಬಿಟ್ಟಿಯಾಗಿ ಕೊಡುವುದು ಮೂರನೆಯದು. ಮೈಕ್ರೋಸಾಫ್ಟಿನ ಪವರ್ ಬಿಐ ಡೆಸ್ಕ್‌ಟಾಪ್ ಈ ಕೊನೆಯ ಜಾತಿಯದು. ಒಬ್ಬರೇ ಕುಳಿತು ನೋಡುವುದಕ್ಕೆ ಹಣವಿಲ್ಲ. ಮಾಡಿದ ವರದಿಯನ್ನು ನಾಲ್ಕು ಜನರೊಡನೆ ಹಂಚಿಕೊಳ್ಳಹೊರಟರೆ ಸಾಮಾನ್ಯವಾಗಿ ಹಣ ಕೊಟ್ಟು ಪರವಾನಗಿ ಪಡೆಯಬೇಕಾಗುತ್ತದೆ. ಬಿಟ್ಟಿ ಸಿಕ್ಕಿದರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಮೊದಲು ಇದನ್ನು ವಿಚಾರಿಸುವುದು ಮೇಲು.

ಮೂಲ ಬರೆಹ ತೆರೆದಿರುವುದರಿಂದ ಬರುವ ಲಾಭಕ್ಕೆ ರೀಡ್ಯಾಶ್ ಎಂಬ ಸಲಕರಣೆ ನಿದರ್ಶನ. 2020ರಲ್ಲಿ ಡೇಟಾಬ್ರಿಕ್ಸ್ ಎಂಬ ಕಂಪನಿ ಅದನ್ನು ಕೊಂಡಿತು. 2021ರಲ್ಲಿ ಅದರ ಬಾಡಿಗೆಯ ಸೇವೆ ನಿಂತಿತು. ಆ ಸೇವೆಯನ್ನು ನಂಬಿದ್ದವರು ಬೇರೆ ದಾರಿ ಹುಡುಕಬೇಕಾಯಿತು. ಆದರೆ ಮೂಲ ಬರೆಹ ಬಯಲಿನಲ್ಲಿದ್ದುದರಿಂದ, ತಮ್ಮ ಯಂತ್ರದಲ್ಲೇ ಅದನ್ನು ಸ್ಥಾಪಿಸಿಕೊಂಡಿದ್ದವರ ಕಿಟಕಿ ಮುಚ್ಚಲಿಲ್ಲ.

ಹಾಗಾದರೆ ಆರಿಸುವುದು ಹೇಗೆ? ಸಲಕರಣೆಯನ್ನು ನೋಡುವ ಮೊದಲು ನಿಮ್ಮನ್ನೇ ಮೂರು ಮಾತು ಕೇಳಿಕೊಳ್ಳಿ. ಪ್ರಶ್ನೆ ಕೇಳುವವರು ಯಾರು? ಯಾರಿಗೆ ಎಷ್ಟು ಕಾಣಬೇಕು? ಕೆಟ್ಟರೆ ಸರಿಮಾಡುವವರು ಯಾರು?

ಕೇಳುವವರು ವ್ಯಾಪಾರ ಬಲ್ಲವರು, ಗಣಕದ ಭಾಷೆ ಅರಿಯದವರು ಎನ್ನೋಣ. ಅವರಿಗೆ 2015ರಲ್ಲಿ ಹೊರಬಂದ ಮೆಟಾಬೇಸ್ ಸುಲಭ. ಕೋಷ್ಟಕವನ್ನು ಆರಿಸಿ, ‘ಮೊತ್ತ’, ‘ತಿಂಗಳುವಾರು’ ಎಂಬಂತೆ ಒತ್ತುತ್ತ ಹೋದರೆ ಉತ್ತರ ಬರುತ್ತದೆ. ಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ ಭಾಷೆಯನ್ನು ಬಲ್ಲವರು ಮನೆಯಲ್ಲಿದ್ದರೆ ಅಪಾಚೆ ಸೂಪರ್‌ಸೆಟ್ ಹೆಚ್ಚು ಕೆಲಸಕ್ಕೆ ಬರುತ್ತದೆ. ಇದೂ 2015ರಲ್ಲಿ, ಏರ್‌ಬಿಎನ್‌ಬಿ ಕಂಪನಿಯೊಳಗೆ ಹುಟ್ಟಿದ್ದು. ಚಿತ್ರಗಳ ಬಗೆ ಇದರಲ್ಲಿ ಹೇರಳ. ಸ್ಥಾಪಿಸಿ ನೋಡಿಕೊಳ್ಳುವ ಶ್ರಮವೂ ಅಷ್ಟೇ ಹೆಚ್ಚು. ಶೀತಲಗೃಹದ ಉಷ್ಣತೆ, ಯಂತ್ರಗಳ ಓಟ ಮುಂತಾಗಿ ಗಳಿಗೆಗಳಿಗೆಗೂ ಬದಲಾಗುವ ಅಂಕಿಗಳ ಮೇಲೆ ಕಣ್ಣಿಡಬೇಕಾದರೆ 2014ರಲ್ಲಿ ಬಂದ ಗ್ರಫಾನ ಹೊಂದುತ್ತದೆ. ಲಾಭನಷ್ಟದ ವಿಚಾರಣೆಗೆ ಅದು ಅಷ್ಟಾಗಿ ಒಗ್ಗದು.

ಎರಡನೆಯ ಪ್ರಶ್ನೆಯನ್ನು ಬಹಳ ಮಂದಿ ಮರೆಯುತ್ತಾರೆ. ನಿಮಗೆ ಮೂರು ಶಾಖೆಗಳಿದ್ದು, ಒಂದೊಂದು ಶಾಖೆಯ ಗುಮಾಸ್ತರು ತಮ್ಮ ಲೆಕ್ಕವನ್ನಷ್ಟೇ ಕಾಣಬೇಕೆನ್ನಿ. ಒಂದೇ ಕೋಷ್ಟಕದಲ್ಲಿ ಹೀಗೆ ಸಾಲುವಾರು ಮರೆ ಕಟ್ಟುವ ಸೌಕರ್ಯ ಸೂಪರ್‌ಸೆಟ್‌ನಲ್ಲಿ ಬಿಟ್ಟಿಯಾಗಿಯೇ ಬರುತ್ತದೆ. ಮೆಟಾಬೇಸಿನಲ್ಲಿ ಅದು ಹಣ ಕೊಡುವ ಆವೃತ್ತಿಯ ಪಾಲು. ಸುಲಭವೆಂದು ಒಂದನ್ನು ಆರಿಸಿ, ವರ್ಷದ ಮೇಲೆ ಶಾಖೆ ತೆರೆದಾಗ ಪರಿತಪಿಸುವುದು ಬೇಡ.

ಮೂರನೆಯದು ಕಾಪಾಡುವ ಮಾತು. 2023ರ ಜುಲೈಯಲ್ಲಿ ಮೆಟಾಬೇಸಿನಲ್ಲಿ ಒಂದು ಭಾರಿ ಬಿರುಕು ಬೆಳಕಿಗೆ ಬಂದಿತು. ಗುಪ್ತಪದವಿಲ್ಲದೆಯೇ ಹೊರಗಿನವರು ಒಳಹೊಗಬಹುದಾಗಿತ್ತು. ತಯಾರಕರು ಒಡನೆಯೇ ತಿದ್ದುಪಡಿ ಕೊಟ್ಟರು. ಆದರೆ ಅದನ್ನು ಹಾಕಿಕೊಳ್ಳುವ ಕೈ ಬಳಕೆದಾರರದೇ ಆಗಬೇಕು. ಆ ಕೈ ಇಲ್ಲದ ಕಡೆ ಬಿಟ್ಟಿ ಸಲಕರಣೆಯೂ ದುಬಾರಿಯೇ.

ಯಾವುದನ್ನೇ ಆರಿಸಿ, ಕೆಲವು ಎಚ್ಚರಿಕೆಗಳು ಎಲ್ಲಕ್ಕೂ ಸಾಮಾನ್ಯ. ಸಲಕರಣೆಗೆ ಡೇಟಾಬೇಸಿನಲ್ಲಿ ಓದುವ ಅಧಿಕಾರ ಮಾತ್ರವಿರುವ ಬೇರೆ ಹೆಸರನ್ನು ಕೊಡಿ. ನೋಡಬಂದವರಿಗೆ ಕಣಜದ ಬೀಗದಕೈ ಬೇಡ. ಮೆಟಾಬೇಸ್ ತನ್ನ ಪ್ರಶ್ನೆಗಳನ್ನೂ ಫಲಕಗಳನ್ನೂ ಮೊದಲಿಗೆ ಎಚ್2 ಎಂಬ ಪುಟ್ಟ ಕಡತದಲ್ಲಿ ಇಟ್ಟುಕೊಳ್ಳುತ್ತದೆ. ಪ್ರಯೋಗಕ್ಕೆ ಅದು ಸಾಕು. ನಿತ್ಯದ ಬಳಕೆಗೆ ಅದನ್ನೂ ಪೋಸ್ಟ್‌ಗ್ರೆಸ್ಸಿಗೆ ಸಾಗಿಸಿ, ಪ್ರತಿ ತೆಗೆದಿಡಿ. ಬಿಲ್ಲಿನ ಕೋಷ್ಟಕವನ್ನೂ ಸಾಮಾನಿನ ಕೋಷ್ಟಕವನ್ನೂ ಜೋಡಿಸುವಾಗ ಕೂಡಿಕೆಯನ್ನು ಗಮನಿಸಿ. ಐನೂರು ರೂಪಾಯಿನ ಒಂದು ಬಿಲ್ಲಿನಲ್ಲಿ ಮೂರು ಸಾಮಾನಿದ್ದರೆ, ಜೋಡಿಸಿದಾಗ ಅದೇ ಬಿಲ್ಲು ಮೂರು ಸಾಲಾಗುತ್ತದೆ. ಬಿಲ್ಲಿನ ಮೊತ್ತವನ್ನು ಹಾಗೆಯೇ ಕೂಡಿದರೆ ಐನೂರು ಸಾವಿರದೈನೂರಾಗಿ ಕಾಣುತ್ತದೆ. ಯಂತ್ರಕ್ಕೆ ನಾಚಿಕೆಯಿಲ್ಲ, ಚಿತ್ರವನ್ನು ಮಾತ್ರ ಅಂದವಾಗಿ ಬರೆಯುತ್ತದೆ.

ಕೊನೆಯದಾಗಿ ಒಂದು ಸಲಹೆ. ನಿಮಗೆ ನಿಜವಾಗಿ ಬೇಕಾದ ಹತ್ತು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆಯಿರಿ. ಎರಡು ಸಲಕರಣೆಗಳನ್ನು ಸ್ಥಾಪಿಸಿ, ಒಂದೇ ದಿನದ ಲೆಕ್ಕವನ್ನು ಎರಡರಲ್ಲೂ ಕೇಳಿ. ಬಂದ ಉತ್ತರವನ್ನು ಕೈಬಿಲ್ಲಿನೊಡನೆ ತಾಳೆ ನೋಡಿ. ತಾಳೆಯಾದುದರಲ್ಲಿ ನಿಮ್ಮವರು ಯಾವುದನ್ನು ಇನ್ನೊಬ್ಬರ ನೆರವಿಲ್ಲದೆ ಬಳಸಬಲ್ಲರೊ ಅದೇ ನಿಮಗೆ ಎರಡರ್ಥದಲ್ಲಿಯೂ ಉಚಿತವಾದುದು.

ನನ್ನ ಸ್ನೇಹಿತರ ಅಂಗಡಿಯಲ್ಲಿ ಆ ಹಳೆಯ ಸಲಕರಣೆಯೇ ಇದೆ, ಕಾಲವಲಯವನ್ನು ತಿದ್ದಿಕೊಂಡು. ಆ ಹುಡುಗನೂ ಅದೇ ಜಾಗದಲ್ಲಿದ್ದಾನೆ. ತಿಂಗಳಿಗೊಂದು ದಿನ ಬಿಲ್ಲಿನ ಕಟ್ಟು ಬಿಚ್ಚಿ, ಎಣಿಸಿ, ಕಂಬದೊಡನೆ ಹೋಲಿಸುವ ಕೆಲಸ ಈಗ ಅವನದೇ.