ಮಣ್ಣಿಗೂ ದಾಸೋಹ

(ಉಳವಿ ಯಾತ್ರೆಗೆ ಹೊರಟ ಚಕ್ಕಡಿಗಳು ಹಳಿಯಾಳ ತಾಲೂಕಿನಲ್ಲಿ ತಂಗಿದ ರಾತ್ರಿ, ಪ್ರಸಾದಕ್ಕೆ ಮೊದಲು ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ಇಂದು ಸಂಜೆ ತಮ್ಮ ಚಕ್ಕಡಿಗಳು ಒಂದರ ಹಿಂದೊಂದು ಬಂದು ಈ ಹೊಲದಲ್ಲಿ ನಿಂತುದನ್ನು ನಾವು ನೋಡಿದೆವು. ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಮೈಮೇಲೆ ಝೂಲ. ಕಣ್ಣಿಗೆ ಹಬ್ಬವಾಯಿತು. ಭರತ ಹುಣ್ಣಿಮೆಯ ಹೊತ್ತಿಗೆ ನಡೆಯುವ ಚನ್ನಬಸವಣ್ಣನವರ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯಿಂದ ಹೀಗೆ ಚಕ್ಕಡಿ ಕಟ್ಟಿಕೊಂಡು ದಾಂಡೇಲಿ ದಾಟಿ ಜೋಯಿಡಾದ ಕಾಡು ಹೊಗುವುದು ಹಿಂದಿನಿಂದ ಬಂದ ಪದ್ಧತಿ. ಆದರೆ ಒಂದು ಮಾತು ಕೇಳುತ್ತೇವೆ, ಬೇಸರ ಪಡಬಾರದು. ಈ ಎತ್ತುಗಳಲ್ಲಿ ಎಷ್ಟು ಜೋಡಿ ತಮ್ಮ ಸ್ವಂತ ಕೊಟ್ಟಿಗೆಯವು? ಎಷ್ಟು ಜೋಡಿ ಜಾತ್ರೆಗೆಂದು ಬೇರೆಯವರಿಂದ ಹೊಡೆದುಕೊಂಡು ಬಂದವು?

ನಗುತ್ತಿದ್ದೀರಿ. ಯಾರು ನಕ್ಕರು, ಯಾರು ತಲೆ ತಗ್ಗಿಸಿದರು ಎಂಬುದು ನಮಗೆ ಇಲ್ಲಿಂದ ಕಾಣುತ್ತದೆ.

ಟ್ರ್ಯಾಕ್ಟರಿಗೆ ನಾವು ವಿರೋಧಿಗಳಲ್ಲ. ಗಳೆಯ ಕೆಲಸವನ್ನು ಅದು ಬೇಗ ಮಾಡುತ್ತದೆ, ಆಳಿನ ಕಷ್ಟವನ್ನು ನೀಗಿಸುತ್ತದೆ. ಆದರೆ ಅದು ತಿಪ್ಪೆಗೆ ಏನನ್ನೂ ಹಾಕುವುದಿಲ್ಲ. ಸಂಸ್ಕೃತದಲ್ಲಿ ಕೃಷಿಪರಾಶರವೆಂಬ ಹಳೆಯ ಗ್ರಂಥವಿದೆ. ನಾವು ಪಾಠಶಾಲೆಯಲ್ಲಿದ್ದಾಗ ಅದನ್ನು ವ್ಯಾಕರಣದ ಬೇಸರ ಕಳೆಯಲೆಂದು ಓದಿದ್ದು. ಅದರಲ್ಲಿ ಗೊಬ್ಬರದ ವಿಷಯಕ್ಕೆ ವಿಧಿಯೇ ಇದೆ: ಮಾಘದಲ್ಲಿ ತಿಪ್ಪೆಯನ್ನು ಪೂಜಿಸಿ ಎತ್ತಬೇಕು, ಬಿಸಿಲಿಗೆ ಒಣಗಿಸಬೇಕು, ಫಾಲ್ಗುಣದಲ್ಲಿ ಹೊಲದ ಗುಂಡಿಗೆ ತುಂಬಬೇಕು, ಬಿತ್ತುವ ಕಾಲಕ್ಕೆ ತೆಗೆದು ಮಣ್ಣಿಗೆ ಕೊಡಬೇಕು. ಆಗ ನಮಗೆ ನಗೆ ಬಂದಿತ್ತು, ತಿಪ್ಪೆಗೂ ಪೂಜೆಯೇ ಎಂದು. ಈಗ ನಡೆಯುತ್ತಿರುವುದು ಅದೇ ಮಾಘಮಾಸ. ತಮ್ಮ ಮನೆಯ ಹಿತ್ತಿಲಿನಲ್ಲಿ ಎತ್ತಲು ತಿಪ್ಪೆ ಎಂಬುದು ಉಳಿದಿದೆಯೇ?

2015ರಲ್ಲಿ ಸರಕಾರದವರು ಮಣ್ಣು ಪರೀಕ್ಷೆ ಮಾಡಿ ರೈತರಿಗೆ ಚೀಟಿ ಕೊಡುವ ಯೋಜನೆ ತಂದರು. ತಮ್ಮಲ್ಲಿ ಅನೇಕರ ಮನೆಯಲ್ಲಿ ಅದು ದೇವರ ಫೋಟೋದ ಹಿಂದೆ ಸಿಕ್ಕಿಸಿಟ್ಟಿರುತ್ತದೆ. ಅದರಲ್ಲಿ ಸಾವಯವ ಇಂಗಾಲ ಎಂಬ ಒಂದು ಸಾಲಿದೆ. ಅದು ನೂರಕ್ಕೆ 0.5ಕ್ಕಿಂತ ಕಡಿಮೆ ಇದ್ದರೆ ಮಣ್ಣು ಬಡವಾಗಿದೆ ಎಂದರ್ಥ, 0.75 ದಾಟಿದರೆ ಚೆನ್ನಾಗಿದೆ ಎಂದರ್ಥ. ಮನೆಗೆ ಮರಳಿದ ಮೇಲೆ ಆ ಚೀಟಿ ತೆಗೆದು ಆ ಒಂದು ಸಾಲನ್ನು ಓದಿರಿ. ಓದು ಬಾರದವರು ಮೊಮ್ಮಕ್ಕಳಿಂದ ಓದಿಸಿರಿ.

ಬೇರೆಯವರಿಗೆ ಹೇಳುವ ಮೊದಲು ಮಠದ ತಪ್ಪನ್ನು ಹೇಳಿಬಿಡುವುದು ಲೇಸು. ಹಳಿಯಾಳಕ್ಕೆ ಸಕ್ಕರೆ ಕಾರ್ಖಾನೆ ಬಂದ ಮೇಲೆ ಈ ಭಾಗದ ಅನೇಕ ಭತ್ತದ ಗದ್ದೆಗಳು ಕಬ್ಬಾದವು. ಮಠದ 8 ಎಕರೆಯೂ ಆಯಿತು. ಭತ್ತದಲ್ಲಿ ಏನೂ ಉಳಿಯುವುದಿಲ್ಲ, ದಾಸೋಹಕ್ಕೆ ರೊಕ್ಕ ಬೇಕು ಎಂದು ಕಾರಭಾರಿಗಳು ಹೇಳಿದರು, ನಾವು ಹೂಂ ಎಂದೆವು. ಭತ್ತ ನಾಲ್ಕು ತಿಂಗಳು ಮಳೆಯ ನೀರಿನಲ್ಲಿ ನಿಂತು ಗದ್ದೆ ಬಿಟ್ಟುಕೊಡುವ ಬೆಳೆ. ಕಬ್ಬು ವರ್ಷಪೂರ್ತಿ ಗದ್ದೆಯಲ್ಲಿದ್ದು ಬೇಸಿಗೆಯಲ್ಲೂ ಬಾಯಿ ತೆರೆದು ನೀರು ಕೇಳುವ ಬೆಳೆ. ಅದಕ್ಕೆ ಬೋರು ಕೊರೆಸಿದೆವು. ಮೂರು ವರ್ಷ ಲೆಕ್ಕ ಚೆನ್ನಾಗಿತ್ತು.

ನಾಲ್ಕನೆಯ ಬೇಸಿಗೆಯಲ್ಲಿ ಮಠದ ಕೆಳಗಿನ ಗದ್ದೆಯ ಹಿರಿಯರೊಬ್ಬರು ಬಂದು ನಮ್ಮೆದುರು ನಿಂತರು. “ಅಪ್ಪಾರ, ನಮ್ಮ ಬಾವಿ ತಳಾ ಕಂಡೈತ್ರಿ. ದನಕ್ಕ ಕುಡಿಸಾಕ ಮಠದ ಬೋರಿನಿಂದ ನಾಕು ಕೊಡ ನೀರು ಒಯ್ಯಲೇನ್ರಿ?” ಎಂದರು. ದೂರಲಿಲ್ಲ, ಅಪ್ಪಣೆ ಕೇಳಿದರು ಅಷ್ಟೇ. ಅಂದು ರಾತ್ರಿ ನಮಗೆ ಪ್ರಸಾದ ಸೇರಲಿಲ್ಲ. ಯಾರ ಬಾವಿಯ ನೀರು ಕಬ್ಬಾಗಿ, ಕಬ್ಬು ರೊಕ್ಕವಾಗಿ, ರೊಕ್ಕ ಅನ್ನವಾಗಿ ನಮ್ಮ ದಾಸೋಹದ ಪಂಕ್ತಿಗೆ ಬಂದಿತ್ತೋ ಅವರೇ ಬಂದು ನಾಲ್ಕು ಕೊಡ ನೀರಿಗೆ ಕೈ ಮುಗಿದಿದ್ದರು.

ಮರುವಾರ ಮೇಲುಗದ್ದೆ, ಕೆಳಗದ್ದೆಯವರನ್ನೆಲ್ಲ ಕೆರೆಯ ಏರಿಯ ಮೇಲೆ ಕೂಡಿಸಿದೆವು. ಮಠದ ಜಗಲಿಯ ಮೇಲೆ ಕೂಡಿಸಿದ್ದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಏರಿಯ ಮೇಲೆ ಬಿಟ್ಟರು. ಮೊದಲನೆಯ ಸಲ ಬೈದಾಟವೇ ಆಯಿತು, ನಮ್ಮ ಪಾಲಿಗೂ ಒಂದೆರಡು ಮಾತು ಬಂತು. ಮೂರನೆಯ ಸಲ ಕೂಡಿದಾಗ ಒಂದು ನಿರ್ಧಾರಕ್ಕೆ ಬಂದೆವು. ಮಠದ ಜಮೀನಿನಲ್ಲಿ ಅರ್ಧಕ್ಕೆ ಮಾತ್ರ ಕಬ್ಬು. ಉಳಿದ ಅರ್ಧಕ್ಕೆ ಮಳೆಯ ಭತ್ತ, ಅದನ್ನು ಕೊಯ್ದ ಮೇಲೆ ಇದ್ದ ಹಸಿಯ ಮೇಲೆಯೇ ಕಡಲೆಯೋ ಹೆಸರೋ. ಬೇಸಿಗೆಯಲ್ಲಿ ಬೋರು ದಿನ ಬಿಟ್ಟು ದಿನ. ಮಳೆಗೆ ಮೊದಲು ಕೆರೆಯ ಹೂಳನ್ನು ಪಾಲು ಹಾಕಿಕೊಂಡು ಹೊಲಗಳಿಗೆ ಹೊಡೆಯುವುದು. ಸೊನ್ನಲಿಗೆಯ ಸಿದ್ಧರಾಮಯ್ಯನವರು ಕೆರೆ ಕಟ್ಟಿಸಿದ್ದನ್ನು ನಾವು ಪುರಾಣದಲ್ಲಿ ಕೇಳಿ ಕೈ ಮುಗಿಯುತ್ತೇವೆ, ನಮ್ಮೂರ ಕೆರೆಯ ಹೂಳಿಗೆ ಮಾತ್ರ ಇಲಾಖೆಯವರ ದಾರಿ ಕಾಯುತ್ತೇವೆ.

ಎಲ್ಲಕ್ಕಿಂತ ಹೆಚ್ಚು ಜಗಳವಾದದ್ದು ರವದಿಯ ಮಾತಿಗೆ. ಕಬ್ಬು ಕಡಿದ ಮೇಲೆ ಎಕರೆಗೆ 3-4 ಟನ್ ರವದಿ ನೆಲದ ಮೇಲೆ ಬೀಳುತ್ತದೆ. ಕಡ್ಡಿ ಗೀರಿದರೆ ಒಂದು ಗಂಟೆಯಲ್ಲಿ ಹೊಲ ಸ್ವಚ್ಛ. ಆದರೆ ಅದರಲ್ಲಿದ್ದ ಸಾರಜನಕ ಹೊಗೆಯಾಗಿ ಹೋಗುತ್ತದೆ, ಮಣ್ಣಿನ ಮೇಲುಪದರದ ಜೀವಿಗಳು ಸಾಯುತ್ತವೆ, ಆಮೇಲೆ ಅದೇ ಸಾರಜನಕವನ್ನು ಯೂರಿಯಾ ಚೀಲದಲ್ಲಿ ಕೊಂಡು ತರುತ್ತೇವೆ. ರೈತರು ಹೇಳಿದ್ದರಲ್ಲಿಯೂ ಹುರುಳಿತ್ತು. ರವದಿಯಲ್ಲಿ ಹಾವು ಸೇರುತ್ತದೆ, ಗೆದ್ದಲು ಬರುತ್ತದೆ, ಕೂಳೆ ಕಬ್ಬು ಏಳಲು ತಡೆಯಾಗುತ್ತದೆ, ಆಳುಗಳು ಒಳಗೆ ಕಾಲಿಡುವುದಿಲ್ಲ ಎಂದರು. ಕೊನೆಗೆ ಸಾಲು ಬಿಟ್ಟು ಸಾಲಿಗೆ ರವದಿ ಹರವಿ, ಮೇಲೆ ಸಗಣಿಯ ರಾಡಿ ಚಿಮುಕಿಸಿ ನೋಡೋಣವೆಂದಾಯಿತು. ಅದರ ಅಡಿಯಲ್ಲಿ ಹಸಿ ನಿಂತು ನೀರು ಹಾಯಿಸುವುದು ಕಡಿಮೆಯಾಯಿತು. ಸಗಣಿ ಎಲ್ಲಿಂದ ಎಂದರೆ, ಮಠಕ್ಕೆ ಮತ್ತೆ ಎರಡು ಆಕಳು ಬಂದವು.

ಪವಾಡವೇನೂ ಆಗಲಿಲ್ಲ. ಮಠದ ಉತ್ಪನ್ನ ಇಳಿಯಿತು. ಎರಡು ವರ್ಷ ದಾಸೋಹದಲ್ಲಿ ಸಿಹಿ ಕಡಿಮೆ ಮಾಡಿದೆವು, ತಾವು ಗಮನಿಸಿರಬಹುದು. ಆ ಹಿರಿಯರ ಬಾವಿಯಲ್ಲಿ ಈಗ ಬೇಸಿಗೆಯಲ್ಲೂ ದನಕ್ಕೆ ಸಾಲುವಷ್ಟು ನೀರು ನಿಲ್ಲುತ್ತದೆ. ಒಬ್ಬರು ಮಾತ್ರ ಇನ್ನೂ ರವದಿಗೆ ಬೆಂಕಿ ಇಡುತ್ತಾರೆ. ಅವರು ಇಲ್ಲಿಯೇ ಕುಳಿತಿದ್ದಾರೆ, ಹೆಸರು ಹೇಳುವುದಿಲ್ಲ.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ತಾವೆಲ್ಲ ಬಲ್ಲಿರಿ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದರು. ಪುಣ್ಯಸ್ತ್ರೀ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ನಾವು ಎಷ್ಟೋ ಸಲ ಹೇಳಿದ್ದೇವೆ. ಆದರೆ ಮಠದ ಜಮೀನಿನ ವಿಷಯದಲ್ಲಿ ಮೂರು ವರ್ಷ ಹೆಚ್ಚಿನ ಅಕ್ಕಿಯನ್ನೇ ಮನೆಗೆ ತಂದೆವು. ಬೇಡವೆನ್ನುವ ಲಕ್ಕಮ್ಮ ನಮ್ಮ ಕಾರಭಾರದಲ್ಲಿ ಇರಲಿಲ್ಲ.

ತಮ್ಮ ಮನೆಗಳಲ್ಲಿ ಇದ್ದಾಳೆ. ಆದರೆ ಅವಳನ್ನು ಕೇಳುವವರಿಲ್ಲ. ನಿನ್ನೆ ಇದೇ ತಾಲೂಕಿನ ಒಂದು ಕುಟುಂಬದವರು ನಮ್ಮಲ್ಲಿಗೆ ಬಂದಿದ್ದರು. ತಂದೆ, ಇಬ್ಬರು ಮಕ್ಕಳು, 6 ಎಕರೆ ಗದ್ದೆ. ಮಕ್ಕಳು ಎತ್ತು ಮಾರಿ ಪೂರ್ತಿ ಕಬ್ಬು ಹಾಕೋಣ ಎನ್ನುತ್ತಾರೆ, ತಂದೆ ಬೇಡ ಎನ್ನುತ್ತಾರೆ. “ಅಪ್ಪಾರ, ನೀವ ಹೇಳ್ರಿ ಇವರಿಗೆ” ಎಂದರು ತಂದೆ. ದೊಡ್ಡ ಮಗ ಮರ್ಯಾದೆಯಿಂದಲೇ ಮಾತಾಡಿದ. “ತಂಗಿ ಮದುವಿ ಸಾಲ ಐತ್ರಿ. ಭತ್ತಾ ಬೆಳದ್ರ ಆನಿ ತಿಂದು ಹೊಕ್ಕಾವು. ಸಾಲಕ್ಕ ಮಠಾ ರೊಕ್ಕಾ ಕೊಡತೈತೇನ್ರಿ?” ನಾವು ಅವನ ಮೇಲೆ ಸಿಟ್ಟಾಗಲಿಲ್ಲ. ಸಾಲದ ಬಡ್ಡಿ ಮಣ್ಣು ಸುಧಾರಿಸುವ ತನಕ ಕಾಯುವುದಿಲ್ಲ, ಆನೆ ಪ್ರವಚನ ಕೇಳುವುದಿಲ್ಲ. ಆ ಸೊಸೆಯಂದಿರು ಬಾಗಿಲ ಬಳಿ ನಿಂತಿದ್ದರು. ದನದ ಸಗಣಿ ಬಾಚುವವರು ಅವರು, ಮೇವು ಹೊರುವವರು ಅವರು, ಬಾವಿ ಬತ್ತಿದರೆ ಕೊಡ ಹೊತ್ತು ನಡೆಯುವವರು ಅವರು. ನಿಮ್ಮ ಮಾತೇನು ತಾಯಿ ಎಂದು ಕೇಳಿದೆವು. ಹಿರಿಯ ಸೊಸೆ ಮಾವನ ಮುಖ ನೋಡಿ, ಸೆರಗು ಸರಿಪಡಿಸಿಕೊಂಡು, “ಸಾಲ ತೀರೂತನಕ ಮೂರು ಎಕರೆ ಕಬ್ಬು ಮಾಡ್ಲಿರಿ, ಎತ್ತು ಮಾತ್ರ ಮಾರೂದು ಬ್ಯಾಡ್ರಿ” ಎಂದಳು. ಗಂಡಸರು ಮೂವರೂ ಸುಮ್ಮನಾದರು. ಆ ಲೆಕ್ಕ ಅವರಿಗೆ ಹೊಳೆದೇ ಇರಲಿಲ್ಲ.

ಮುಂಡಗೋಡದ ಕಡೆಯ ಭಕ್ತರೂ ಇಲ್ಲಿದ್ದೀರಿ. ತಾವು ಶುಂಠಿಗೆಂದು ಹೊಲವನ್ನು ಲಾವಣಿಗೆ ಕೊಡುತ್ತೀರಿ. ಲಾವಣಿಯವನು ಒಂದು ವರ್ಷದ ಅತಿಥಿ. ಕೊಳೆರೋಗದ ಹೆದರಿಕೆಯಿಂದ ಅದೇ ಹೊಲದಲ್ಲಿ ಮರುವರ್ಷ ಅವನು ಶುಂಠಿ ಹಾಕುವುದಿಲ್ಲ, ಮುಂದಿನ ಊರಿಗೆ ಹೋಗುತ್ತಾನೆ. ಹೋಗುವಾಗ ಸಿಂಪಡಿಸಿದ ಔಷಧಿ, ಒಡೆದ ಬದು ತಮ್ಮ ಪಾಲಿಗೆ. 1974ರಲ್ಲಿ ಭೂಸುಧಾರಣೆಯ ಕಾಯಿದೆ ಬಂದು ಉಳುವವನೇ ಒಡೆಯನಾದ. ಏನು ಬೆಳೆಯಬೇಕೆಂಬ ಮಾತು ರೈತನ ಬಾಯಿಗೆ ಬಂದದ್ದೇ ಅಂದು. ಅಂಥ ಮಾತನ್ನು ವರ್ಷದ ರೊಕ್ಕಕ್ಕೆ ಬಿಟ್ಟುಕೊಡುವಾಗ ಬದು ಯಾರು ಕಟ್ಟಿಕೊಡಬೇಕು, ಯಾವ ಔಷಧಿ ಹೊಡೆಯಬಾರದು ಎಂಬುದನ್ನಾದರೂ ಬರೆಸಿಕೊಳ್ಳಿರಿ.

ನಾಳೆ ಮುಂದೆ ಜೋಯಿಡಾ ಸೀಮೆ. ಕಾಳಿ ನದಿಗೆ ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಊರು ಮುಳುಗಿ ಅನೇಕರು ರಾಮನಗರಕ್ಕೆ ಬಂದು ನೆಲೆಸಿದರು. ತಮ್ಮ ಹೊಲಕ್ಕೆ ಏನು ಮಾಡೋಣವೆಂದು ಕೇಳಿಕೊಳ್ಳುವ ಭಾಗ್ಯವೇ ಅವರಿಗೆ ಇರಲಿಲ್ಲ. ದಾರಿಯಲ್ಲಿ ಕುಣಬಿ ಜನರ ಮನೆಗಳು ಸಿಗುತ್ತವೆ. ಅವರ ಹಿತ್ತಿಲಿನ ಗೆಡ್ಡೆಗೆಣಸು ನೋಡಿರಿ. ಬೀಜದ ಗೆಡ್ಡೆಯನ್ನು ಅವರು ಅಂಗಡಿಯಿಂದ ತರುವುದಿಲ್ಲ, ತಿನ್ನುವ ಮೊದಲು ಎತ್ತಿಡುತ್ತಾರೆ.

ಆ ಕುಟುಂಬದವರು ಜಾತ್ರೆ ಮುಗಿದ ಮೇಲೆ ಕೆಳಗದ್ದೆಯವರನ್ನೂ ಕರೆದುಕೊಂಡು ಬರುತ್ತೇವೆಂದಿದ್ದಾರೆ. ಏನಾಗುತ್ತದೋ ನೋಡಬೇಕು.

ಪ್ರಸಾದ ಸಿದ್ಧವಾಗಿದೆ. ಎತ್ತುಗಳಿಗೆ ನೀರು ಕುಡಿಸಿ ಬಂದು ಕುಳಿತುಕೊಳ್ಳಿರಿ. ಬೆಳಿಗ್ಗೆ ಹೊರಡುವಾಗ ಬಿದ್ದ ಸಗಣಿಯನ್ನು ಯಾರೂ ಚೆಲ್ಲಾಡಬಾರದು, ಒಂದು ಕಡೆ ಗುಡ್ಡೆ ಹಾಕಿರಿ. ಈ ಹೊಲದವರು ಚಕ್ಕಡಿ ಬಿಡಲು ಜಾಗ ಕೊಟ್ಟದ್ದೇ ಅದಕ್ಕಾಗಿ.