ಮಕ್ಕಳ ಲಸಿಕೆ ವೈದ್ಯರೊಬ್ಬರ ಹೊಣೆಯಲ್ಲ

(ತಾಲ್ಲೂಕು ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಭೂಮಿ, ಕೂಲಿ, ಪಡಿತರಗಳ ಬಗ್ಗೆ ಚರ್ಚಿಸಲು ಸೇರಿರುವ ಶಿಬಿರದಲ್ಲಿ ಮಕ್ಕಳ ಚುಚ್ಚುಮದ್ದಿನ ಮಾತೇಕೆ ಎಂದು ಕೆಲವರು ಕೇಳಿದ್ದೀರಿ. ನನ್ನ ಅನುಭವದಿಂದಲೇ ಉತ್ತರ ಹೇಳುತ್ತೇನೆ.

2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾದಾಗ ನಾನು ಹಳ್ಳಿಯೊಂದರಲ್ಲಿ ಮೇಷ್ಟರಾಗಿದ್ದೆ. ಒಂಬತ್ತು ತಿಂಗಳು ತುಂಬಿದ, ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಲಸಿಕೆ ಹಾಕಬೇಕಾಗಿತ್ತು. ಹಿಂದಿನ ರಾತ್ರಿ ಮೊಬೈಲಿನಲ್ಲಿ ಒಂದು ಸುಳ್ಳು ಸುದ್ದಿ ಊರೆಲ್ಲ ಹಬ್ಬಿತು. ಬೆಳಗ್ಗೆ ನೋಡಿದರೆ ನನ್ನ ತರಗತಿ ಅರ್ಧ ಖಾಲಿ. ಸಿಟ್ಟಿನಿಂದ ಮನೆಮನೆಗೆ ಹೋಗಿ, "ನಿಮಗೆ ಬುದ್ಧಿ ಇಲ್ಲವೆ?" ಎಂದು ಗದರಿದೆ. ಒಂದು ಮಗುವೂ ಬರಲಿಲ್ಲ.

ಅಂದು ಸಂಜೆ ಮಕ್ಕಳ ವೈದ್ಯರೊಬ್ಬರು ಬಂದು ಶಾಲೆಯ ಜಗಲಿಯ ಮೇಲೆ ಕುಳಿತರು. ಒಬ್ಬ ತಾಯಿ ಕೇಳಿದಳು: "ಸೂಜಿ ಹಾಕಿಸಿದ ಮೇಲೆ ಮಗು ಜ್ವರ ಬಂದು ಮಲಗಿದರೆ ನಾನು ಕೂಲಿಗೆ ಹೋಗೋದು ಹೆಂಗೆ ಸ್ವಾಮಿ?" ನಾನು ಮೌಢ್ಯವೆಂದು ತಿಳಿದದ್ದು ಹೊಟ್ಟೆಯ ಲೆಕ್ಕವಾಗಿತ್ತು. ಜ್ವರ ಬರುವುದೇ ಇಲ್ಲವೆಂದು ವೈದ್ಯರು ಸುಳ್ಳು ಹೇಳಲಿಲ್ಲ. "ಕೆಲವು ಮಕ್ಕಳಿಗೆ ಬರುತ್ತದೆ ತಾಯಿ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಹೆಚ್ಚಾದರೆ ನನ್ನ ಹತ್ತಿರ ಕರಕೊಂಡು ಬಾ" ಎಂದರು. ಮಾರನೆಯ ದಿನ ಬಹುಪಾಲು ಮಕ್ಕಳು ಸಾಲಿನಲ್ಲಿ ನಿಂತಿದ್ದರು.

ಆದರೆ ಒಬ್ಬ ವೈದ್ಯರು ಎಷ್ಟು ಜಗಲಿಗಳ ಮೇಲೆ ಕುಳಿತಾರು? ದಡಾರ ಹರಡದಂತೆ ತಡೆಯಬೇಕಾದರೆ ನೂರಕ್ಕೆ ತೊಂಬತ್ತೈದು ಮಕ್ಕಳಿಗಾದರೂ ಎರಡು ಸಲ ಲಸಿಕೆ ಬೀಳಬೇಕು. ಒಂಬತ್ತು ತಿಂಗಳು ತುಂಬದ ಹಸುಗೂಸಿಗೆ ಆ ಲಸಿಕೆಯನ್ನು ಸಾಮಾನ್ಯವಾಗಿ ಹಾಕುವುದಿಲ್ಲ. ನೆರೆಮನೆಯ ಮಗು ಹಾಕಿಸಿಕೊಂಡರೆ ಅದೇ ಆ ಕೂಸಿಗೂ ರಕ್ಷೆ. ಒಬ್ಬರ ಕ್ಷೇಮ ಎಲ್ಲರ ಕೈಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕೆ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಒಂದು ವರ್ಷ ತುಂಬಿ ಎರಡು ತುಂಬದ ಮಕ್ಕಳಲ್ಲಿ ಮೂಲ ಲಸಿಕೆಗಳೆಲ್ಲ ಆದವರು 2015-16ರಲ್ಲಿ ದೇಶದಲ್ಲಿ ನೂರಕ್ಕೆ ಸುಮಾರು 62. 2019-21ರಲ್ಲಿ ಸುಮಾರು 76. ಏರಿಕೆ ನಿಜ. ಉಳಿದವರು ಯಾರು? ಕಬ್ಬು ಕಡಿಯಲು, ಇಟ್ಟಿಗೆ ಸುಡಲು, ಕಟ್ಟಡದ ಕೆಲಸಕ್ಕೆ ಊರು ಬಿಟ್ಟವರ ಮಕ್ಕಳನ್ನು ಮೊದಲು ಹುಡುಕಿರಿ. ಪೋಲಿಯೋ ಹೋದದ್ದು ಹಾಗೆಯೇ. ಕಾರ್ಯಕರ್ತೆಯರು ಮನೆಗಳಿಗೆ, ರೈಲು ನಿಲ್ದಾಣಗಳಿಗೆ, ಇಟ್ಟಿಗೆ ಗೂಡುಗಳಿಗೆ ಹೋಗಿ ಹನಿ ಹಾಕಿದರು. 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡದ್ದೇ ಸಹಜ (ವೈಲ್ಡ್) ಪೋಲಿಯೋ ವೈರಾಣುವಿನ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಭಾರತ ಪೋಲಿಯೋ ಮುಕ್ತವೆಂಬ ಪ್ರಮಾಣಪತ್ರ ಬಂತು.

ಈಗ ನಮ್ಮ ಕೆಲಸ. ಆಶಾ ಕಾರ್ಯಕರ್ತೆಯೊಡನೆ ಕುಳಿತು ಕೇರಿಯಲ್ಲಿ ಬಿಟ್ಟುಹೋದ ಮಕ್ಕಳ ಪಟ್ಟಿ ಮಾಡಿ. ಗುಳೆ ಹೋಗುವವರಿಗೆ ತಾಯಿ ಕಾರ್ಡನ್ನು ಜೊತೆಗೇ ಒಯ್ಯಲು ಹೇಳಿ. ಸಣ್ಣ ನೆಗಡಿ, ಕೆಮ್ಮಿದೆಯೆಂದು ಲಸಿಕೆ ಮುಂದೂಡಬೇಕಾಗಿಲ್ಲ. ನಡುವೆ ಒಂದು ತಪ್ಪಿದರೆ ಮೊದಲಿನಿಂದ ಶುರುಮಾಡಬೇಕಾಗಿಯೂ ಇಲ್ಲ. ಇವನ್ನು ತಿಳಿಸಿ, ನನ್ನಂತೆ ಗದರಬೇಡಿ. ಪೇಟೆಯ ಮಕ್ಕಳ ವೈದ್ಯರನ್ನೂ ಕಾಣಿರಿ. ಯಾವ ಕಾಯಿಲೆಗೆ ಮಗು ಬಂದರೂ ಅದರ ಕಾರ್ಡನ್ನು ಒಮ್ಮೆ ನೋಡಿರೆಂದು ಕೇಳಿಕೊಳ್ಳಿ. ಬಾಕಿಯಿರುವ ಮಗುವನ್ನು ಲಸಿಕೆಯ ಕಡೆಗೆ ಕರೆದೊಯ್ಯುವ ಹೊಣೆ ನಮ್ಮದೆನ್ನಿ.

ಸರ್ಕಾರವನ್ನೂ ಕೇಳೋಣ. ದಾದಿಯರ ಹುದ್ದೆ ಖಾಲಿ ಬಿಡಬಾರದು. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಆದ್ದರಿಂದ ಆರೋಗ್ಯ ಕೇಂದ್ರದ ಕರೆಂಟು ಕೈಕೊಡಬಾರದು. ಕೆಲಸದ ಜಾಗದ ಹತ್ತಿರ ಸಂಜೆ ಹೊತ್ತು ಲಸಿಕೆ ಹಾಕಬೇಕು. ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದ ತಾಯಿಯ ಆ ದಿನದ ಕೂಲಿ ಮುರಿಯಬಾರದು.

ಮುಂದಿನ ಸಭೆಗೆ ನಿರ್ಣಯಗಳನ್ನು ಬರೆದು ತರಬೇಡಿ. ನಿಮ್ಮ ನಿಮ್ಮ ಕೇರಿಯ ಆ ಪಟ್ಟಿ ತನ್ನಿ. ಅದರಲ್ಲಿ ಎಷ್ಟು ಹೆಸರು ಹೊಡೆದುಹಾಕಿದ್ದೀರಿ ಎಂಬುದನ್ನು ನೋಡಿ ನಮ್ಮ ಕೆಲಸವನ್ನು ಅಳೆಯೋಣ.